ಒಂದೇ ಹೆಸರಿನ ತೂಕ

ನನಗೆ ಮೂವರು ಪ್ರಾಂಶುಪಾಲರ ದನಿ ಬರುತ್ತದೆ. ದೊಡ್ಡ ಕಾಲೇಜಿನವರು ಮಾತಿಗೆ ಮೊದಲು ಕೆಮ್ಮುತ್ತಾರೆ. ಅದು ಶೀತದ ಕೆಮ್ಮಲ್ಲ, ಎದುರಿಗಿದ್ದವರು ನೆಟ್ಟಗೆ ನಿಲ್ಲಲಿ ಎಂದು ಕೆಮ್ಮುವ ಕೆಮ್ಮು. ನಡು ಕಾಲೇಜಿನವರು ಏನು ಕೇಳಿದರೂ "ನಂದೇನಿಲ್ಲಪ್ಪ" ಎಂದೇ ಶುರು ಮಾಡುತ್ತಾರೆ. ಟೀ ತರಲಾ ಸಾರ್ ಎಂದರೂ "ನಂದೇನಿಲ್ಲಪ್ಪ". ಕಷ್ಟವೆಂದರೆ ನಮ್ಮ ಸಣ್ಣ ಕಾಲೇಜಿನವರದು. ಅವರು ಮಾತನ್ನೇ ಆಡುವುದಿಲ್ಲ, ಮೂಗಿನಲ್ಲಿ "ಹ್ಞೂಂ" ಎನ್ನುತ್ತಾರೆ. ಆ ಹ್ಞೂಂ ಒಪ್ಪಿಗೆಯೋ ತೂಕಡಿಕೆಯೋ ಎಂದು ಗೊತ್ತಾಗದಂತೆ ಹೇಳಲು ಕಲಿಯುವುದಕ್ಕೆ ನನಗೆ ಒಂದು ಸೆಮಿಸ್ಟರ್ ಹಿಡಿಯಿತು. ಪರೀಕ್ಷೆಗೆ ನಾನು ಅಷ್ಟು ಓದಿದವನಲ್ಲ.

ಕಾಲೇಜುಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಮೂವರೂ ಫೋನ್ ಮಾಡುತ್ತಾರೆ, ನಾನು ಅವರವರ ದನಿಯಲ್ಲೇ ಉತ್ತರ ಕೊಟ್ಟು ಇನ್ನಷ್ಟು ಕೆಡಿಸಿಕೊಳ್ಳುತ್ತೇನೆ.

ನಮ್ಮದು ಬೆಳಗೋಡಿಗೂ ಕೆ. ಹೊಸಕೋಟೆಗೂ ನಡುವೆ ಒಂದು ಕಾಫಿ ಎಸ್ಟೇಟಿನ ಲೈನ್. ಒಂದೇ ಮಾಡಿನ ಕೆಳಗೆ ಸಾಲಾಗಿ ಕೋಣೆಗಳು, ಕೋಣೆಗೊಂದು ಸಂಸಾರ. ನಡುವಿನ ಗೋಡೆ ಮಾಡಿನವರೆಗೆ ಹೋಗಿಲ್ಲ. ಹಾಗಾಗಿ ಯಾರು ಯಾರಿಗೆ ಏನು ಬೈದರು, ಯಾರು ನಿದ್ದೆಯಲ್ಲಿ ಏನು ಕನವರಿಸಿದರು, ಎಲ್ಲ ಬಿಟ್ಟಿ. ಅಣಕಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ ದನಿಯಲ್ಲಿ "ಏಯ್, ಯಾರದು ಕೂತಿರೋದು" ಎಂದು ಕೂಗಿ, ಗಿಡದ ಮರೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಹೆಂಗಸರನ್ನೆಲ್ಲ ದಡಬಡ ಎಬ್ಬಿಸಿ, ಗೊತ್ತಾದ ಮೇಲೆ ಅವರಿಂದ ಬೈಸಿಕೊಂಡವನು ನಾನು. ನನ್ನ ಮುಖವೂ ಹಾಗೇ ಇದೆ. ಸುಮ್ಮನೆ ನಿಂತಿದ್ದರೂ "ಏನೋ, ಯಾರನ್ನ ಅಣಕಿಸ್ತಿದ್ದೀಯ" ಎಂದು ಕೇಳುತ್ತಾರೆ.

ಪಕ್ಕದ ಕೋಣೆ ದೊಡ್ಡಮ್ಮನದು. ದೊಡ್ಡಮ್ಮನ ಮಗಳು, ನಾನು ಅಕ್ಕ ಎಂದು ಕರೆಯುವವಳು, ಒಂದು ಕಾಲಕ್ಕೆ ನಮ್ಮ ಲೈನಿನಿಂದ ಡಿಗ್ರಿಗೆ ಹೋದ ಮೊದಲ ಹುಡುಗಿ. ಎರಡು ವರ್ಷ ಓದಿದಳು, ಅಷ್ಟರಲ್ಲಿ ಮದುವೆ ಮಾಡಿದರು. ಭಾವ ಕೆಲವು ವರ್ಷ ಸಂಸಾರ ಮಾಡಿ, ಒಂದು ಹೆಣ್ಣು ಮಗುವಾದ ಮೇಲೆ, ಮೂಡಿಗೆರೆ ಕಡೆಯ ಎಸ್ಟೇಟಿಗೆ ಇನ್ನೊಬ್ಬಳ ಜೊತೆ ಹೋಗಿಬಿಟ್ಟ. ಅಕ್ಕ ಮಗಳನ್ನು ಕರೆದುಕೊಂಡು ವಾಪಸು ಬಂದಳು. ಓದಿದ ಎರಡು ವರ್ಷ ಯಾವ ಲೆಕ್ಕಕ್ಕೂ ಇಲ್ಲದೆ ಟ್ರಂಕಿನಲ್ಲಿ ಕೂತಿತ್ತು.

ಆಗ ಬಂತು ಒಡಂಬಡಿಕೆ.

ನಮ್ಮ ಭಾಗದ ಮೂರು ಕಾಲೇಜುಗಳು ಒಂದಾಗಿ, ನಮ್ಮಂಥವರು ಬೇಗ ಪದವಿ ಮುಗಿಸಲಿ ಎಂದು ಮಾಡಿಕೊಂಡ ಏರ್ಪಾಡು ಅದು. ಒಂದು ಕಾಲೇಜಿನಲ್ಲಿ ಪಾಸಾದ ವಿಷಯ ಇನ್ನೊಂದರಲ್ಲೂ ನಡೆಯುತ್ತದೆ. ಯಾವ ಕಾಲೇಜಿಗೆ ಬಸ್ಸು ಸಿಗುತ್ತದೋ ಅಲ್ಲಿ ಕೂತು ಪಾಠ ಕೇಳಬಹುದು. ಹಿಂದೆ ಯಾವಾಗಲೋ ಓದಿ ಬಿಟ್ಟಿದ್ದರೆ ಅದನ್ನೂ ಸೇರಿಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಕಾಫಿ ಹಣ್ಣು ಕೊಯ್ಯುವ ತಿಂಗಳುಗಳಲ್ಲಿ ಲೈನಿನ ಮಕ್ಕಳು ಕ್ಲಾಸಿಗೆ ಬರುವುದಿಲ್ಲವೆಂದು, ಅದರ ಬದಲಿಗೆ ಇರುವಲ್ಲೇ ಮಾಡುವ ಕ್ಷೇತ್ರ ಅಧ್ಯಯನ ಎಂಬ ವಿಷಯ ಇಟ್ಟಿದ್ದರು. ಅದು ಸಿಕ್ಕರೆ ಒಂದು ವರ್ಷ ಉಳಿಯುತ್ತದೆ. ಯಾರೋ ನಿಜವಾಗಿಯೂ ನಮ್ಮ ಬಗ್ಗೆ ಕೂತು ಯೋಚನೆ ಮಾಡಿದ್ದಾರೆ ಎನ್ನಿಸಿತು. ಆ ಯೋಚನೆ ಮಾಡಿದವರು ಒಬ್ಬ ಮೇಡಂ, ನಮ್ಮ ಸಣ್ಣ ಕಾಲೇಜಿನ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಯಾವಾಗ ಬೇಕಾದರೂ ಕಳುಹಿಸಬಹುದಾದವರು. ಸಹಿ ಹಾಕಿದವರು ಮಾತ್ರ ಮೂವರು ಪ್ರಾಂಶುಪಾಲರು.

ಸಹಿ ಹಾಕುವ ದಿನ ವೇದಿಕೆ ಕಟ್ಟಿ, ಒಬ್ಬರಿಗೊಬ್ಬರು ಪೆನ್ನು ಬದಲಾಯಿಸಿಕೊಂಡರು. ನನ್ನನ್ನು ವೇದಿಕೆಗೆ ಕರೆದು ಆನೆ ಘೀಳಿಡುವ ಶಬ್ದ ಮಾಡಿಸಿದರು, ಮಲೆನಾಡಿನ ಸ್ವಾಗತವಂತೆ. ನಮ್ಮ ಕಡೆ ಆನೆಯ ಶಬ್ದ ಕೇಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಇವರು ಚಪ್ಪಾಳೆ ತಟ್ಟಿದರು.

ಮೇಡಂ ನಡೆದುಕೊಂಡೇ ನಮ್ಮ ಲೈನಿಗೆ ಬಂದರು. ಬೆಳಗೋಡಿನಿಂದ ಜೀಪು ಸಿಗದೆ, ಚಪ್ಪಲಿ ಕೈಯಲ್ಲಿ ಹಿಡಿದು ಬಂದು, ದೊಡ್ಡಮ್ಮನ ಜಗಲಿಯಲ್ಲಿ ಕೂತು ಅಕ್ಕನ ಹಳೆಯ ಅಂಕಪಟ್ಟಿಗಳನ್ನು ನೋಡಿದರು.

"ಇದು ವ್ಯರ್ಥ ಆಗಿಲ್ಲ ಕಣಮ್ಮ. ಇವೆಲ್ಲ ಸೇರುತ್ತೆ. ಈ ಹಂಗಾಮಲ್ಲಿ ಕ್ಷೇತ್ರ ಅಧ್ಯಯನ ಮಾಡಿ, ಉಳಿದ ಪರೀಕ್ಷೆ ಬರೆದ್ರೆ ಜೂನ್ ಹೊತ್ತಿಗೆ ಡಿಗ್ರಿ."

"ಜೂನಿಗಾ?" ಎಂದು ಅಕ್ಕ ಇನ್ನೊಮ್ಮೆ ಕೇಳಿದಳು. "ಮೇಡಂ, ಹೇಳಿದ್ಮೇಲೆ ಜೂನಿಗೇ ಆಗ್ಬೇಕು ನೋಡಿ."

ಜೂನ್ ಯಾಕೆ ಎಂದು ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಹಂಗಾಮು ಮುಗಿದರೆ ದೊಡ್ಡಮ್ಮ ಕೆಲಸದಿಂದ ನಿವೃತ್ತಿ. ಲೈನಿನ ಕೋಣೆ ಇರುವುದು ಕೆಲಸದ ಜೊತೆಗೆ. ಕೆಲಸ ಹೋದರೆ ಕೋಣೆ ಬಿಡಬೇಕು, ಇಲ್ಲವೇ ಮನೆಯವರು ಯಾರಾದರೂ ಆ ಜಾಗಕ್ಕೆ ಕಾಯಂ ಆಳಾಗಿ ಹೆಸರು ಬರೆಸಬೇಕು. ಅಕ್ಕನಿಗೆ ಇದ್ದ ಇನ್ನೊಂದು ದಾರಿ ಆಲೂರು ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್. ಅಲ್ಲಿ ಮೇಲ್ವಿಚಾರಕಿ ಬೇಕಾಗಿದ್ದರು. ಡಿಗ್ರಿ ಆಗಿರಬೇಕು, ಅಲ್ಲೇ ಇರಬೇಕು, ಜೂನಿನಲ್ಲಿ ಸೇರಬೇಕು. ಇರಲು ಒಂದು ಕೋಣೆ ಕೊಡುತ್ತಾರೆ. ಅಕ್ಕ ಆ ಕೋಣೆಯನ್ನು ಹೋಗಿ ನೋಡಿಕೊಂಡು ಬಂದಿದ್ದಳು.

"ಹೆಂಗೈತೆ ಅಕ್ಕ?"

"ಗೋಡೆ ಮಾಡಿನ ತಂಕ ಐತೆ ಕಣೋ. ನಲ್ಲಿ ಒಳಗೇ ಐತೆ."

"ಗೋಡೆ ಮಾಡಿನ ತಂಕ ಇದ್ರೆ ನನ್ನ ಗತಿ ಏನು? ನೀನು ಬೈಯೋದು ನನಗೆ ಕೇಳಲ್ಲ."

"ಅದಕ್ಕೇ ಹೋಗ್ತಿರೋದು," ಎಂದಳು.

ನಮ್ಮದು ಮೂವರ ಗ್ಯಾಂಗ್. ಅಕ್ಕ, ನಾನು, ಎಸ್ಟೇಟಿನ ಜೀಪ್ ಡ್ರೈವರ ಮಗ. ಅವನೂ ನನ್ನ ಜೊತೆಗೇ ಓದುತ್ತಿದ್ದವನು. ಒಂದು ಮಾತಾಡಲು ಅರ್ಧ ದಿನ ತೆಗೆದುಕೊಳ್ಳುತ್ತಾನೆ, ಆದರೆ ಅವನ ಅಕ್ಷರ ಅಚ್ಚು ಹಾಕಿದ ಹಾಗೆ. ಭಾನುವಾರಗಳಲ್ಲಿ, ರಜೆಯಲ್ಲಿ, ಹಣ್ಣಿನ ಹಂಗಾಮಿನಲ್ಲಿ ನಾವು ಮೂವರೂ ಒಂದೇ ಸಾಲು ಹಿಡಿದು ಕೊಯ್ಯುತ್ತಿದ್ದೆವು.

ಕೊಯ್ಲಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು, ಏಕೆಂದರೆ ಎಲ್ಲ ಕೆಟ್ಟಿದ್ದು ಅದರಿಂದಲೇ. ಸಂಜೆ ಸ್ಟೋರಿನ, ಅಂದರೆ ಎಸ್ಟೇಟಿನ ಉಗ್ರಾಣದ, ಮುಂದೆ ಹಣ್ಣು ತೂಗುತ್ತಾರೆ. ಒಬ್ಬೊಬ್ಬರು ಒಂದೊಂದು ಚೀಲ ಇಟ್ಟರೆ ರೈಟರು ಪ್ರತಿ ಚೀಲಕ್ಕೂ ಗೋಣಿಯ ತೂಕವೆಂದು, ಎಲೆಯೆಂದು, ಇಬ್ಬನಿಯ ನೀರೆಂದು ಇಷ್ಟಿಷ್ಟು ಕಳೆಯುತ್ತಾರೆ. ಅದಕ್ಕೇ ಒಂದು ಗ್ಯಾಂಗಿನವರು ಎಲ್ಲರ ಹಣ್ಣನ್ನೂ ಒಟ್ಟಿಗೆ ಸುರಿದು, ಆ ದಿನ ಯಾರು ಹೊತ್ತು ತಂದರೋ ಅವರ ಹೆಸರಿಗೆ ಒಂದೇ ತೂಕ ಬರೆಸುತ್ತಾರೆ. ಕಳೆಯುವುದು ಒಂದೇ ಸಲ. ಆಮೇಲೆ ಲೈನಿಗೆ ಬಂದು ಜಗಲಿಯಲ್ಲಿ ಕೂತು ಹಂಚಿಕೊಳ್ಳುತ್ತಾರೆ. ದೊಡ್ಡಮ್ಮನ ಕಾಲದಿಂದಲೂ ಹೀಗೇ. ಹೆಸರು ಯಾರದಾದರೇನು, ಹಣ್ಣು ಎಲ್ಲರದು. ಹಂಚುವಾಗ ಜಗಳವಾಡಿದ್ದನ್ನು ನಾನು ಕಂಡಿದ್ದೇನೆ, ಹಂಚದೆ ಹೋದವರನ್ನು ಕಂಡಿಲ್ಲ.

ನಮ್ಮ ಕ್ಷೇತ್ರ ಅಧ್ಯಯನದ ವಿಷಯ, ಸುತ್ತಲ ಲೈನುಗಳಲ್ಲಿ ಮಕ್ಕಳು ಎಷ್ಟನೇ ಕ್ಲಾಸಿಗೆ ಶಾಲೆ ಬಿಡುತ್ತಾರೆ, ಯಾಕೆ ಬಿಡುತ್ತಾರೆ ಎಂದು ಕೇಳಿ ಬರೆಯುವುದು. ಬೇರೆಯವರು ಹೋಗಿ ಕೇಳಿದ್ದರೆ "ಎಲ್ಲಾರೂ ಓದ್ತಾವ್ರೆ" ಎಂದು ಕಳುಹಿಸಿಬಿಡುತ್ತಿದ್ದರು. ನಾವು ಒಂದು ಲೈನಿಗೆ ಹೋದರೆ ಮೊದಲು ನನ್ನ ಆಟ. ಆ ಎಸ್ಟೇಟಿನ ರೈಟರ ದನಿಯನ್ನು ದಾರಿಯಲ್ಲೇ ಕೇಳಿಕೊಂಡಿರುತ್ತಿದ್ದೆ. ಅಂಗಳದಲ್ಲಿ ನಿಂತು ಅದನ್ನು ಬಿಟ್ಟರೆ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. ನಕ್ಕವರ ಪಕ್ಕದಲ್ಲಿ ಅಕ್ಕ ಹೋಗಿ ಕೂರುತ್ತಿದ್ದಳು. ಅವಳು ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ, ತನ್ನ ಮಗಳ ಮಾತು ತೆಗೆಯುತ್ತಿದ್ದಳು.

"ನನ್ನ ಮಗಳು ಮೂರನೇ ಕ್ಲಾಸು ಕಣಕ್ಕ. ಬಸ್ಸು ಬರ್ದಿದ್ ದಿನ ಹೋಗಲ್ಲ ಅಂತಾಳೆ."

"ನಮ್ದು ಆರಕ್ಕೇ ಬುಟ್ಬುಡ್ತು ಕಣವ್ವ. ಚಿಕ್ಕದನ್ನ ನೋಡ್ಕಳಕ್ಕೆ ಯಾರವ್ರೆ ಹೇಳು, ನಾನು ಹಣ್ಣಿಗೆ ಹೋದ್ರೆ?"

ಅಲ್ಲಿಂದ ಒಂದು ಗಂಟೆ. ಡ್ರೈವರ ಮಗ ಗೋಡೆಗೆ ಒರಗಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಕೊಯ್ಲು ಮುಗಿಸಿ ಸಂಜೆ, ಬಿಡುವು ಸಿಕ್ಕ ಭಾನುವಾರ, ಆನೆ ಇದೆ ಎಂದು ಕೆಲಸ ನಿಲ್ಲಿಸಿದ ದಿನ, ಹೀಗೆ ಕೆ. ಹೊಸಕೋಟೆ ಕಡೆಯವರೆಗೂ ಸುತ್ತಿದೆವು. ಕಡೆಯಲ್ಲಿ ಅಕ್ಕ ಕೂತು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ನಾನು ನಡುನಡುವೆ ಆಯಾ ಹೆಂಗಸರ ದನಿಯಲ್ಲೇ ಅವರು ಹೇಳಿದ್ದನ್ನು ನೆನಪು ಮಾಡಿಕೊಡುತ್ತಿದ್ದೆ. ನನ್ನ ಕೊಡುಗೆಯನ್ನು ಇದಕ್ಕಿಂತ ದೊಡ್ಡದು ಮಾಡಿ ಹೇಳಿದರೆ ಅಕ್ಕ ಓದಿ ನಗುತ್ತಾಳೆ.

ಬರೆದ ವರದಿಯ ಫೋಟೋ ತೆಗೆದು ಫೋನಿನಲ್ಲಿ ಕಳುಹಿಸಬೇಕಿತ್ತು. ಲೈನಿನಲ್ಲಿ ಟವರ್ ಸಿಗುವುದಿಲ್ಲ. ಎಸ್ಟೇಟಿನ ನೆತ್ತಿಯಲ್ಲಿ ಒಂದು ಬಂಡೆ ಇದೆ, ಅದನ್ನು ಹತ್ತಿ ಕೈಯನ್ನು ಆಲೂರು ಕಡೆಗೆ ಚಾಚಿದರೆ ಎರಡು ಕಡ್ಡಿ ಬರುತ್ತದೆ. ಸರಿಯಾದ ಫೋನ್ ಇದ್ದದ್ದು ನನ್ನ ಹತ್ತಿರ. ನಾನು ಬಂಡೆಯ ಮೇಲೆ, ಅವರಿಬ್ಬರು ಕೆಳಗೆ.

"ಅಕ್ಕ, ಸಲ್ಲಿಸುವವರ ಹೆಸರು ಅಂತ ಕೇಳ್ತಾ ಐತೆ. ಕೆಳಗೆ, ಜೊತೆಯವರು ಇದ್ದರೆ ಸೇರಿಸಿ ಅಂತಾನೂ ಐತೆ."

ಅಕ್ಕ ಯೋಚಿಸಿದಳು. ಅವಳು ಯೋಚಿಸಿದ್ದನ್ನು ನಾನು ನೋಡಿದ್ದೇನೆ. ಅವಸರದ ತಪ್ಪಲ್ಲ ಅದು.

"ಜೊತೆಯವ್ರನ್ನ ಸೇರಿಸ್ಬೇಡ. ನಿಂದೊಂದೇ ಹಾಕಿ ಕಳ್ಸು."

"ಯಾಕೆ?"

"ಮೂರು ಹೆಸರು ಹಾಕಿದ್ರೆ ಮೂರು ಸಲ ಕಳೀತಾರೆ ಕಣೋ. ಇವನಿಗೆ ಮಾತು ಬರಲ್ಲ ಅಂತೊಂದಿಷ್ಟು, ನಂದು ವಯಸ್ಸಾಯ್ತು ಅಂತೊಂದಿಷ್ಟು. ಒಟ್ಟಿಗೆ ಹೋದ್ರೆ ಒಂದೇ ಸಲ. ಆಮೇಲೆ ಅವ್ರೇ ಹಂಚ್ಕೊಡ್ತಾರೆ, ಮೇಡಂಗೆ ಗೊತ್ತಲ್ಲ ಮೂವರೂ ಮಾಡಿದ್ದು."

ಡ್ರೈವರ ಮಗ ತಲೆಯಾಡಿಸಿದ. ನನಗೂ ಅದು ಸರಿಯಾಗಿಯೇ ಕಂಡಿತು. ಹೊತ್ತುಕೊಂಡು ಬಂಡೆ ಹತ್ತಿದವನು ನಾನು, ನನ್ನ ಹೆಸರಿಗೆ ತೂಕ. ಒತ್ತಿದೆ. ಹೋಯಿತು. ಬಂಡೆಯ ಮೇಲಿಂದಲೇ ರೈಟರ ದನಿಯಲ್ಲಿ "ಆಯ್ತು, ಮುಂದಿನವರು ಬನ್ನಿ" ಎಂದು ಕೂಗಿದೆ. ಅಕ್ಕ ನಕ್ಕಳು.

ಪರೀಕ್ಷೆ ಬರೆದೆವು. ಅಕ್ಕ ದೊಡ್ಡ ಕಾಲೇಜಿನಲ್ಲಿ ಬರೆದಳು, ಆನೇಮಹಲಿನಲ್ಲಿ ಬಸ್ಸು ಹಿಡಿದು ಹೋಗಿ. ಎಲ್ಲ ಪಾಸಾದಳು. ಆದರೆ ಫಲಿತಾಂಶ ಬಂದ ದಿನ, ನಾವು ಬಂಡೆಯ ಹತ್ತಿರ ಇದ್ದಾಗ, ಮೇಡಂ ಫೋನ್ ಮಾಡಿದರು. ಅಕ್ಕನನ್ನು ಬಂಡೆಯ ಮೇಲೆ ಹತ್ತಿಸಿ ಫೋನ್ ಕೊಟ್ಟೆ, ದನಿ ಗಟ್ಟಿಯಾಗಿ ಕೇಳುವಂತೆ ಮಾಡಿ.

"ಕ್ಷೇತ್ರ ಅಧ್ಯಯನದಲ್ಲಿ ನಿಮ್ಮ ಹೆಸರಿಗೆ ಏನೂ ಇಲ್ಲವಲ್ಲಮ್ಮ. ಸಲ್ಲಿಸಿಲ್ಲ ಅಂತ ಬಂದಿದೆ."

"ಸಲ್ಸಿದೀವಿ ಮೇಡಂ. ಇವನ ಹೆಸರಿಗೆ ಐತೆ ನೋಡಿ."

"ಅವನದು ಇದೆ. ಒಳ್ಳೆ ಅಂಕ ಬಂದಿದೆ. ನಿಮ್ಮದು?"

"ಅದ್ರಲ್ಲೇ ಐತೆ ಮೇಡಂ." ಅಕ್ಕ ಇನ್ನೂ ನಗುತ್ತಲೇ ಇದ್ದಳು. "ಯಾವಾಗ ಹಂಚ್ತಾರೆ?"

ಟವರ್ ಹೋಯಿತೇನೋ ಎಂದು ನಾನು ಅಕ್ಕನ ಕೈಯನ್ನು ಆಲೂರು ಕಡೆಗೆ ತಿರುಗಿಸಿದೆ. ಟವರ್ ಇತ್ತು.

ಮಾರನೆಯ ದಿನದಿಂದ ನಮಗೆ ಒಡಂಬಡಿಕೆ ಎಂದರೆ ಏನು ಎಂದು ಅರ್ಥವಾಯಿತು. ನಾವು ದಾಖಲಾದದ್ದು ಸಣ್ಣ ಕಾಲೇಜಿನಲ್ಲಿ. ಕ್ಷೇತ್ರ ಅಧ್ಯಯನ ನಡು ಕಾಲೇಜಿನ ಸುಪರ್ದಿಯಲ್ಲಿ. ಅಂಕ ದಾಖಲಿಸುವುದು ದೊಡ್ಡ ಕಾಲೇಜು. ಮೂವರೂ ಕೈ ಕೈ ಹಿಡಿದುಕೊಂಡಿದ್ದರು, ಹಾಗಾಗಿ ನಮ್ಮ ಕೈ ಹಿಡಿಯಲು ಯಾರ ಕೈಯೂ ಖಾಲಿ ಇರಲಿಲ್ಲ.

ಸಣ್ಣ ಕಾಲೇಜಿನ ಪ್ರಾಂಶುಪಾಲರ ಮುಂದೆ ಮೇಡಂ ಎಲ್ಲವನ್ನೂ ಹೇಳಿದರು. ಮೂವರೂ ಸುತ್ತಿದ್ದು ತನಗೆ ಗೊತ್ತು, ಒಂದು ದಿನ ತಾನೂ ಜೊತೆಗಿದ್ದೆ ಎಂದರು.

"ಹ್ಞೂಂ," ಎಂದರು ಅವರು.

"ಸರ್, ಒಂದು ಪತ್ರ ಕೊಟ್ರೆ..."

"ಹ್ಞೂಂ."

ಪತ್ರ ಬರಲಿಲ್ಲ. ಆ ಹ್ಞೂಂ ಯಾವ ಬಗೆಯದೆಂದು ನನಗಾದರೂ ಗೊತ್ತಾಗಬೇಕಿತ್ತು.

ನಡು ಕಾಲೇಜಿಗೆ ಅಕ್ಕ, ನಾನು, ಡ್ರೈವರ ಮಗ ಹೋದೆವು.

"ನಂದೇನಿಲ್ಲಪ್ಪ," ಎಂದರು ಅಲ್ಲಿನವರು. "ನಮ್ಗೆ ಬಂದಿದ್ದು ಒಬ್ಬನ ವರದಿ. ಓದಿದ್ವಿ. ಚೆನ್ನಾಗಿತ್ತು. ಆ ತಾಯಂದಿರ ಮಾತು ಇದ್ಯಲ್ಲ, ಓದಿ ನನಗೇ ಒಂಥರಾ ಆಯ್ತು. ಭೇಷ್ ಕಣಯ್ಯ ನೀನು." ನನ್ನ ಭುಜ ತಟ್ಟಿದರು.

"ಸಾರ್, ಅದು ಅಕ್ಕ ಮಾಡಿದ್ದು."

"ನಂದೇನಿಲ್ಲಪ್ಪ. ದೊಡ್ಡ ಕಾಲೇಜಲ್ಲಿ ಕೇಳಿ."

ದೊಡ್ಡ ಕಾಲೇಜಿನ ಕೋಣೆ ತಣ್ಣಗಿತ್ತು. ಕೂರಲು ಹೇಳಲಿಲ್ಲ. ಕೆಮ್ಮಿದರು. ಮೂವರೂ ನೆಟ್ಟಗಾದೆವು.

"ನೋಡಮ್ಮ. ಈ ಒಡಂಬಡಿಕೆಯಲ್ಲಿ ಕ್ರೆಡಿಟ್ ಒಂದು ಕಾಲೇಜಿಂದ ಇನ್ನೊಂದು ಕಾಲೇಜಿಗೆ ಹೋಗುತ್ತೆ. ಒಬ್ಬ ವಿದ್ಯಾರ್ಥಿಯಿಂದ ಇನ್ನೊಬ್ಬ ವಿದ್ಯಾರ್ಥಿಗೆ ಹೋಗೋದಿಲ್ಲ."

"ಸಾರ್, ನಮ್ಮಲ್ಲಿ ಹಣ್ಣು ತೂಗೋವಾಗ..." ಎಂದು ಅಕ್ಕ ಶುರು ಮಾಡಿದಳು. ಗೋಣಿ, ಎಲೆ, ಇಬ್ಬನಿ ನೀರು, ಒಂದೇ ಹೆಸರು, ಎಲ್ಲ ಹೇಳಿದಳು. ಅಕ್ಕ ಅಷ್ಟು ನಿಧಾನವಾಗಿ, ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರು ಪೂರ್ತಿ ಕೇಳಿದರು, ಅದನ್ನು ಒಪ್ಪಿಕೊಳ್ಳಬೇಕು.

"ಕಾಲೇಜು ಸ್ಟೋರ್ ಅಲ್ಲಮ್ಮ," ಎಂದರು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ಯಾರದೋ ದನಿ ಬರುತ್ತದೆ. ಆ ದಿನ ನನ್ನದೇ ಬಂತು, ಅದು ನನಗೆ ಅಷ್ಟು ಅಭ್ಯಾಸವಿಲ್ಲದ ದನಿ. "ಸಾರ್, ನನ್ನ ಹೆಸರಲ್ಲಿರೋದು ನಂದಲ್ಲ. ಅದ್ರಲ್ಲಿ ಮುಕ್ಕಾಲು ಭಾಗ ಅಕ್ಕಂದು. ಬರ್ದು ಕೊಡ್ತೀನಿ."

ಅವರು ಮತ್ತೆ ಕೆಮ್ಮಿದರು. ಈ ಕೆಮ್ಮು ಬೇರೆ ಥರದ್ದು.

"ಬರ್ದು ಕೊಡು. ಬೇರೆಯವರು ಮಾಡಿದ ಕೆಲಸವನ್ನ ತನ್ನದು ಅಂತ ಸಲ್ಲಿಸಿದ್ದಾನೆ ಅಂತ ಆಗುತ್ತೆ. ನಿನ್ನದನ್ನೂ ರದ್ದು ಮಾಡ್ತೀನಿ. ಇವರಿಬ್ಬರೂ ಸಹಕರಿಸಿದ್ದಾರೆ ಅಂತ ಬರೀತೀನಿ. ಮೂವರಿಗೂ ಇರೋದಿಲ್ಲ. ಕಾಗದ ಕೊಡ್ಲಾ?"

ನಾನು ಬಾಯಿ ತೆರೆದೆ. ಅಕ್ಕ ನನ್ನ ಕಾಲನ್ನು ತುಳಿದಳು. ಮೆಲ್ಲಗಲ್ಲ. ಗಿಡದ ಬುಡದಲ್ಲಿ ಹಾವಿನ ತಲೆ ಕಂಡರೆ ತುಳಿಯುವ ಹಾಗೆ.

"ಬ್ಯಾಡ ಸಾರ್. ಅವನಿಗೆ ಮಾತು ಜಾಸ್ತಿ," ಎಂದಳು. ನಮಸ್ಕಾರ ಮಾಡಿ ನಮ್ಮಿಬ್ಬರನ್ನೂ ಹೊರಗೆ ಎಳೆದುಕೊಂಡು ಬಂದಳು.

ಬಸ್ಸಿನಲ್ಲಿ ಡ್ರೈವರ ಮಗ ಆ ದಿನದ ತನ್ನ ಒಂದು ಮಾತನ್ನು ಆಡಿದ. "ನಂದು ಮುಂದಿನ ವರ್ಷ ಆಗ್ಲಿ ಬುಡು. ನನಗೇನ್ ಅವಸರ."

ಅವಸರ ಇದ್ದವಳು ಕಿಟಕಿಯ ಪಕ್ಕ ಕೂತಿದ್ದಳು.

"ಅಕ್ಕ, ಯಾಕೆ ತುಳ್ದೆ?"

"ಚೀಲ ಹರ್ದೋಗಿ ಹಣ್ಣೆಲ್ಲ ಇಳಿಜಾರಿಗೆ ಉಳ್ಡೋದ್ರೆ, ಕೈಗೆ ಸಿಕ್ಕಷ್ಟು ಬಾಚ್ಕಬೇಕೋ, ಉಳಿದಿದ್ದನ್ನೂ ಒದಿಬೇಕೋ?"

"ಆದ್ರೆ ಕೈಗೆ ಸಿಕ್ಕಿದ್ದು ನನಗಲ್ವಾ."

"ಮತ್ತೆ ಯಾಕೆ ಅಳ್ತೀಯ ಮಾರಾಯ? ಸಿಕ್ಕಿದ್ದು ನಿನಗೆ, ಅಳೋದೂ ನೀನೇನಾ? ನನಗೇನಾದ್ರೂ ಬುಡು."

ಮೇಡಂ ಇನ್ನೂ ಎರಡು ಸಲ ಓಡಾಡಿದರು. ಹಾಸ್ಟೆಲ್ಲಿನವರಿಗೂ ಹೇಳಿದರು, ಮುಂದಿನ ವರ್ಷದವರೆಗೆ ಕಾಯಿರಿ ಎಂದು. ಅವರು ಒಳ್ಳೆಯ ಮಾತಿನಲ್ಲೇ ಇಲ್ಲ ಎಂದರು. ಹೆಣ್ಣುಮಕ್ಕಳು ಜೂನಿನಲ್ಲಿ ಬರುತ್ತಾರೆ, ಆಗ ಬಾಗಿಲು ತೆಗೆಯಲು ಒಬ್ಬರು ಬೇಕಲ್ಲ. ಬೇರೆ ಯಾರೋ ಸೇರಿದರು.

ದೊಡ್ಡಮ್ಮನ ನಿವೃತ್ತಿಗೆ ಸ್ಟೋರಿನ ಮುಂದೆ ಶಾಲು ಹೊದಿಸಿದರು. ಬಿಸಿಲಿನಲ್ಲಿ ಉಣ್ಣೆ ಶಾಲು. ನಾನು ದೊಡ್ಡಮ್ಮನ ದನಿಯಲ್ಲಿ, "ಅಯ್ಯ, ಬೆಂದೋದೆ, ಯಾರಾದ್ರೂ ತೆಗೀರಪ್ಪ" ಎಂದೆ. ಜನ ನಕ್ಕರು, ದೊಡ್ಡಮ್ಮನೂ ನಕ್ಕಳು. ನಗು ಮುಗಿಯುವ ಮೊದಲೇ ರೈಟರು ಅಕ್ಕನನ್ನು ಕರೆದು, "ಏನಮ್ಮ, ಕೋಣೆ ಬಿಡ್ತೀರೋ, ಹೆಸರು ಬರೀಲೋ?" ಎಂದು ಕೇಳಿದರು.

"ಬರೀರಿ," ಎಂದಳು ಅಕ್ಕ.

ಕಾಯಂ ಆಳಿಗೆ ಹಂಗಾಮಿನಲ್ಲಿ ಭಾನುವಾರವೂ ಬಿಡುವಿಲ್ಲ, ಲೈನಿಂದ ಲೈನಿಗೆ ಸುತ್ತಲು ಆಗುವುದಿಲ್ಲ. ಕ್ಷೇತ್ರ ಅಧ್ಯಯನ ಇರುವುದು ಹಂಗಾಮಿನಲ್ಲೇ. ಲೈನಿನ ಮಕ್ಕಳಿಗೆ ಅನುಕೂಲವಾಗಲಿ ಎಂದು ಇಟ್ಟದ್ದು. "ಮುಂದಿನ ವರ್ಷ ಮಾಡಬಹುದಲ್ಲ" ಎಂದು ದೊಡ್ಡ ಕಾಲೇಜಿನವರು ಆಮೇಲೆ ಮೇಡಂಗೆ ಹೇಳಿದ್ದ ಮಾತು ಹೀಗೆ ಅಲ್ಲಿಗೇ ಮುಗಿಯಿತು.

ನನಗೆ ಡಿಗ್ರಿ ಬಂತು. ಎಷ್ಟು ಬೇಗ ಬಂತೆಂದರೆ, ಒಡಂಬಡಿಕೆಯಲ್ಲಿ ಪದವಿ ಮುಗಿಸಿದ ಮೊದಲ ವಿದ್ಯಾರ್ಥಿ ನಾನೇ. ಮೂರೂ ಕಾಲೇಜಿನ ಗೇಟಿಗೆ ನನ್ನ ಫ್ಲೆಕ್ಸ್ ಕಟ್ಟಿದರು. ನಗುತ್ತಿರುವ ಫೋಟೋ ಬೇಕೆಂದು ಕೇಳಿದ್ದರು. ನನ್ನ ಹತ್ತಿರ ಇದ್ದದ್ದು ಸಣ್ಣ ಕಾಲೇಜಿನ ಪ್ರಾಂಶುಪಾಲರನ್ನು ಅಣಕಿಸುವಾಗ ಗೆಳೆಯನೊಬ್ಬ ತೆಗೆದ ಫೋಟೋ. ಅದನ್ನೇ ಕೊಟ್ಟೆ. ಅವರದೇ ಗೇಟಿನ ಮೇಲೆ ಅವರದೇ ಮುಖ ಹೊತ್ತು ಮಳೆಗಾಲವೆಲ್ಲ ನೇತಾಡಿದೆ. ಫ್ಲೆಕ್ಸಿನ ಕೆಳಗೆ, ಲೈನ್ ಮನೆಯಿಂದ ಪದವಿಯವರೆಗೆ, ಎಂದು ಬರೆದಿತ್ತು. ನಾನಿನ್ನೂ ಲೈನ್ ಮನೆಯಲ್ಲೇ ಇದ್ದೆ. ಆನೇಮಹಲಿನ ಹೋಟೆಲಿನಲ್ಲಿ ಒಬ್ಬರು ಗುರುತು ಹಿಡಿದು, "ನೀವೇ ಅಲ್ವೇನ್ರಿ ಬೇಗ ಪಾಸಾದವ್ರು? ಈಗೇನ್ ಮಾಡ್ಕಂಡಿದೀರ?" ಎಂದು ಕೇಳಿದರು. "ನಿಧಾನಕ್ಕೆ ಕೆಲಸ ಹುಡುಕ್ತಾ ಇದೀನಿ" ಎಂದೆ.

ಸನ್ಮಾನದ ದಿನ ವೇದಿಕೆಯಲ್ಲಿ ಮೂವರು ಪ್ರಾಂಶುಪಾಲರೂ ಇದ್ದರು. ಮೇಡಂ ಹಿಂದಿನ ಸಾಲಿನಲ್ಲಿದ್ದರು, ಅತಿಥಿಗಳು ಕೂರುವ ಕಡೆ ಅಲ್ಲ. ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, "ಒಂದು ಮಿಮಿಕ್ರಿ ಮಾಡಪ್ಪ" ಎಂದರು. ಆನೆ ಮಾಡುತ್ತಾನೆ ಎಂದುಕೊಂಡಿದ್ದರು.

ನಾನು ಅಕ್ಕನ ಕತೆ ಮಾಡಿದೆ. ಹೆಸರು ಹೇಳಲಿಲ್ಲ. ಒಬ್ಬ ಹೆಂಗಸು ಮೂರು ಬಾಗಿಲಿಗೆ ಹೋಗುತ್ತಾಳೆ. ಮೊದಲ ಬಾಗಿಲಿನಲ್ಲಿ "ಹ್ಞೂಂ". ಎರಡನೆಯದರಲ್ಲಿ "ನಂದೇನಿಲ್ಲಪ್ಪ". ಮೂರನೆಯದರಲ್ಲಿ ಕೆಮ್ಮು. ಮತ್ತೆ ಮೊದಲ ಬಾಗಿಲು. ಹ್ಞೂಂ, ನಂದೇನಿಲ್ಲಪ್ಪ, ಕೆಮ್ಮು. ವೇಗ ಹೆಚ್ಚಿಸುತ್ತ ಹೋದೆ. ಸಭೆ ಬಿದ್ದು ಬಿದ್ದು ನಕ್ಕಿತು. ಇಷ್ಟು ಮಾಡಿದರೆ ವೇದಿಕೆಯ ಮೇಲೆ ಮೂರು ಮುಖಗಳು ಬಾಡುತ್ತವೆ, ನನ್ನ ಕೈಯಿಂದ ಮೈಕ್ ಕಸಿಯುತ್ತಾರೆ ಎಂದು ಕಾದಿದ್ದೆ. ಮೂವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕರು. ಒಬ್ಬೊಬ್ಬರೂ ಉಳಿದಿಬ್ಬರನ್ನು ನೋಡಿ ನಗುತ್ತಿದ್ದರು. ದೊಡ್ಡ ಕಾಲೇಜಿನವರು ಕಣ್ಣೊರೆಸಿಕೊಂಡು, "ಪ್ರತಿಭೆ ಇದೆ ಹುಡುಗನಲ್ಲಿ. ಇವನನ್ನೇ ಹೊಸ ಬ್ಯಾಚಿನ ಪ್ರಚಾರಕ್ಕೆ ಹಾಕಿಕೊಳ್ಳೋಣ" ಎಂದರು. ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಮೇಡಂ ಒಬ್ಬರೇ ನಗಲಿಲ್ಲ.

ಆ ರಾತ್ರಿ ಅಕ್ಕನಿಗೆ ಡ್ರೈವರ ಮಗ, ಸಭೆಯಲ್ಲಿ ನನ್ನ ಫೋನಿನಿಂದ ತೆಗೆದಿದ್ದ ವಿಡಿಯೋ ತೋರಿಸಿದ. ನಾನು ಈಚೆ ಕೋಣೆಯಲ್ಲಿ ಮಲಗಿದ್ದೆ. ಗೋಡೆಯ ಮೇಲಿನಿಂದ ನನ್ನದೇ ಕೆಮ್ಮು, ನನ್ನದೇ ಹ್ಞೂಂ, ಜನರ ನಗು ಎಲ್ಲ ಕೇಳಿಸಿತು.

"ಅಕ್ಕ, ಹೆಂಗಿತ್ತು?" ಎಂದು ಮಲಗಿದಲ್ಲಿಂದಲೇ ಕೇಳಿದೆ.

"ಆ ಕೆಮ್ಮು ಸರಿ ಬಂದಿಲ್ಲ ಕಣೋ. ಅವ್ರು ಎರಡ್ನೇ ಸಲ ಕೆಮ್ಮಿದ್ರಲ್ಲ, ಅದು ಹಂಗಿರಲಿಲ್ಲ," ಎಂದಳು.

ಅವಳು ಹೇಳಿದ್ದು ನಿಜ. ಆ ಎರಡನೆಯ ಕೆಮ್ಮು ನನಗೆ ಈಗಲೂ ಬರುವುದಿಲ್ಲ.

ಪ್ರಚಾರದ ಕೆಲಸ ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ, ನನ್ನ ಡಿಗ್ರಿಗೆ ಬಂದ ಮೊದಲ ಕರೆ ಅದು. ಮೇಡಂ ಹಠ ಹಿಡಿದು ಹೊಸ ನಿಯಮವೊಂದನ್ನು ಸೇರಿಸಿದ್ದರು. ಕ್ಷೇತ್ರ ಅಧ್ಯಯನವನ್ನು ಜೊತೆಯಾಗಿ ಮಾಡಿದರೂ ಪ್ರತಿಯೊಬ್ಬರೂ ತಮ್ಮ ತಮ್ಮ ಹೆಸರಿನಲ್ಲೇ ಸಲ್ಲಿಸಬೇಕು. ಲೈನ್ ಲೈನಿಗೂ ಹೋಗಿ ಅದನ್ನು ಮೂರು ಸಲ ಹೇಳುವುದು ನನ್ನ ಕೆಲಸ. ಒಂದು ಭಾನುವಾರ ನಮ್ಮ ಲೈನಿನಲ್ಲೂ ಹೇಳಿದೆ. ಅಕ್ಕ ಜಗಲಿಯಲ್ಲಿ ಅಕ್ಕಿ ಆರಿಸುತ್ತ ಕೇಳಿದಳು.

"ನನ್ನಿಂದ ಒಂದು ರೂಲ್ ಆಯ್ತಲ್ಲ," ಎಂದಳು. "ಫ್ಲೆಕ್ಸ್ ಕಟ್ಟುಸ್ಬೇಕು."

ಈ ಹಂಗಾಮಿನಲ್ಲಿ ಪ್ರಚಾರಕ್ಕೆ ಬಿಡುವಿದ್ದ ಒಂದು ದಿನ ಅವಳ ಗ್ಯಾಂಗಿನ ಜೊತೆ ಕೊಯ್ಲಿಗೆ ಹೋದೆ. ಅವಳು, ಡ್ರೈವರ ಮಗ, ನಾನು, ಅದೇ ಮೂವರು. ನನ್ನ ಕೈ ನಿಧಾನವಾಗಿತ್ತು. "ಡಿಗ್ರಿ ಆದ್ಮೇಲೆ ಬೆರಳು ದಪ್ಪ ಆಯ್ತೇನೋ" ಎಂದಳು. ನಾನು ಮೂವರು ಪ್ರಾಂಶುಪಾಲರೂ ಹಣ್ಣು ಕೊಯ್ಯುವ ಹಾಗೆ ಮಾಡಿ ತೋರಿಸಿದೆ. ಒಬ್ಬರು ಗಿಡವನ್ನು ನೋಡಿ ಹ್ಞೂಂ ಎನ್ನುತ್ತಾರೆ, ಹಣ್ಣು ತಾನೇ ಬೀಳಲೆಂದು. ಪಕ್ಕದ ಸಾಲಿನವರೂ ನಕ್ಕರು. ಹಳೆಯ ದಿನದ ಹಾಗೇ ಇತ್ತು, ಸಂಜೆಯವರೆಗೆ.

ಸ್ಟೋರಿನ ಮುಂದೆ ಸಾಲು ನಿಂತಿತ್ತು. ನಾನು ಅಭ್ಯಾಸದಂತೆ ನನ್ನ ಚೀಲವನ್ನು ಅವಳ ಚೀಲಕ್ಕೆ ಸುರಿಯಲು ಬಾಗಿದೆ. ಅಕ್ಕ ತನ್ನ ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ನಿಂದು ನೀನೇ ಇಡು."

"ಮೂರು ಸಲ ಕಳೀತಾರೆ ಅಕ್ಕ."

"ಕಳೀಲಿ."

ರೈಟರು ತಲೆಯೆತ್ತಿದರು. "ಏನಮ್ಮ, ಒಂದೇ ಗ್ಯಾಂಗ್ ಅಲ್ವಾ ನೀವು? ನಿನ್ನ ಹೆಸರಿಗೇ ಬರೀಲಾ?"

"ಗ್ಯಾಂಗ್ ಒಂದೇ ಸಾರ್," ಎಂದಳು ಅಕ್ಕ. "ಅವರವ್ರದ್ದು ಅವರವ್ರ ಹೆಸರಿಗೆ ಬರೀರಿ."

ಮೂರು ಚೀಲ ಮೂರು ಸಲ ತೂಗಿದರು. ಪ್ರತಿ ಸಲವೂ ಗೋಣಿ ಎಂದು, ಎಲೆ ಎಂದು, ನೀರೆಂದು ಕಳೆದರು. ನನ್ನ ತೂಕ ನೋಡಿ ರೈಟರು, "ಇಷ್ಟೇನೇನೋ ಪದವೀಧರ?" ಎಂದರು. ಅವರಿಗೆ ಅವರದೇ ದನಿಯಲ್ಲಿ ಉತ್ತರ ಕೊಡಬಹುದಿತ್ತು, ಸಾಲಿನಲ್ಲಿದ್ದವರೆಲ್ಲ ಅದಕ್ಕೇ ಕಾಯುತ್ತಿದ್ದರು. ಅಕ್ಕ ಆಗಲೇ ಖಾಲಿ ಗೋಣಿ ಮಡಚಿ ಹೆಗಲಿಗೆ ಹಾಕಿಕೊಂಡು ಲೈನಿನ ಕಡೆಗೆ ನಡೆದಿದ್ದಳು. ಆ ಸಂಜೆ ಜಗಲಿಯಲ್ಲಿ ಹಂಚಿಕೊಳ್ಳುವುದಕ್ಕೆ ಏನೂ ಇರಲಿಲ್ಲ.